ದಾದಾಪೀರ್ ಹಿಡಿ ಹಾಕಿದ ಕುಕ್ಕರುಗಳು

ಹೊಸದುರ್ಗ
18 ನವೆಂಬರ್ 2024

ಪ್ರೀತಿಯ ಹಾಜಿರಾ,

ನಿನ್ನ ಫೋನಿಗೆ ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್. ಕೊನೆಗೆ ನಮ್ಮ ಉಗ್ರಪ್ಪನವರು ಮಾರಿಕಣಿವೆಯಲ್ಲಿ ನಿನ್ನ ಅಣ್ಣನ ಮೀನಿನಂಗಡಿ ಹುಡುಕಿ ವಿಳಾಸ ತಂದುಕೊಟ್ಟರು. ಫೋನನ್ನು ಕಣಿವೆ ಡ್ಯಾಮಿನ ನೀರಿಗೆ ಎಸೆದೆಯಂತೆ. ಎಸೆದದ್ದು ಸರಿಯೋ ತಪ್ಪೋ, ಈ ವಯಸ್ಸಿನಲ್ಲಿ ನನ್ನ ಕೈಯಲ್ಲಿ ಕಾಗದ ಬರೆಸುತ್ತಿದ್ದೀಯ. ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವಳಿಗೆ ಈಗ ಪೆನ್ನು ಹಿಡಿದರೆ ಬೆರಳು ನೋಯುತ್ತದೆ. ಓದಲು ಬಾರದಿದ್ದರೆ ಬೈದುಕೋ.

ಒಂದೇ ಗೋಡೆಯ ಆಚೆ ಈಚೆ ಬಾಳಿದವರು ನಾವು. ನಿನ್ನ ಯಜಮಾನ ದಾದಾಪೀರ್ ಹೋದಾಗ ನಾನು ಶಿವಮೊಗ್ಗದಲ್ಲಿದ್ದೆ, ಮಗಳು ಪಲ್ಲವಿಯ ಹೆರಿಗೆಗೆ. ಮೂಗಬಸವನಹಟ್ಟಿಯಲ್ಲಿ ಕುಕ್ಕರ್ ರಿಪೇರಿಯವನೊಬ್ಬನನ್ನು ಮಕ್ಕಳ ಕಳ್ಳ ಎಂದು ಹೊಡೆದು ಕೊಂದರು ಎಂದು ಆಸ್ಪತ್ರೆಯ ಟೀವಿಯಲ್ಲಿ ಬಂತು. ಹೆಸರು ಹೇಳಿದಾಗಲೂ ಅದು ನಮ್ಮ ದಾದಾಪೀರ್ ಇರಲಾರ ಎಂದೇ ಕೂತಿದ್ದೆ. ಹಸಿ ಬಾಣಂತಿಯನ್ನು ಒಂದು ದಾರಿಗೆ ಹಚ್ಚಿ ಬರುವಷ್ಟರಲ್ಲಿ ನಿನ್ನ ಬಾಗಿಲಿಗೆ ಬೀಗ. ಆ ಬೀಗ ನೋಡಿ ನನಗೆ ನಿನ್ನ ಮೇಲೂ ಸಿಟ್ಟು ಬಂದಿತ್ತು. ಒಂದು ಮಾತು ಹೇಳದೆ ಹೋದಳಲ್ಲ ಎಂದು.

ಸುಮ್ಮನೆ ಕೂರಲು ಆಗಲಿಲ್ಲ. ಆಗಿನಿಂದ ತಿಂಗಳಿಗೊಮ್ಮೆ ಎಲ್ಲ ಮತದವರನ್ನೂ ಸೇರಿಸಿ ಒಂದು ಕೂಟ ಮಾಡುತ್ತಿದ್ದೇವೆ. ಸುಳ್ಳು ಸುದ್ದಿ ಬಂದರೆ ಏನು ಮಾಡಬೇಕು, ಜನ ಕೈ ಎತ್ತುವ ಮೊದಲು ತಡೆಯುವುದು ಹೇಗೆ, ಇದೇ ಮಾತು. ಇಮಾಮ್ ಸಾಬರು ಬರುತ್ತಾರೆ, ಚರ್ಚಿನ ಸಿಸ್ಟರ್ ಬರುತ್ತಾರೆ. ಅಧ್ಯಕ್ಷರು ಉಗ್ರಪ್ಪನವರು. ಕಂಡಕ್ಟರ್ ಕೆಲಸದಿಂದ ನಿವೃತ್ತಿಯಾದರೂ ಅಭ್ಯಾಸ ಹೋಗಿಲ್ಲ, ಸಭೆಯಲ್ಲೂ "ಮುಂದೆ ಬರ್ರಿ, ಮುಂದೆ ಬರ್ರಿ" ಎನ್ನುತ್ತಾರೆ.

ಬರುವ ಫೆಬ್ರವರಿ ಒಂಬತ್ತಕ್ಕೆ ವರ್ಷ ತುಂಬುತ್ತದೆ. ಅವತ್ತು ಕಲ್ಯಾಣ ಮಂಟಪದಲ್ಲಿ ದೊಡ್ಡದಾಗಿ ಸ್ಮರಣೆ ಮಾಡಬೇಕೆಂದಿದ್ದೇವೆ. ದಾದಾಪೀರನ ಒಂದು ಒಳ್ಳೆಯ ಫೋಟೋ ಕಳಿಸು, ದೊಡ್ಡದು ಮಾಡಿಸಿ ಹಾರ ಹಾಕೋಣ. ನೀನು ಬಂದು ಸ್ಟೇಜಿನ ಮೇಲೆ ಕೂರಬೇಕು. ಇಲ್ಲ ಎನ್ನಬೇಡ.

ನಿನ್ನ ಅಕ್ಕ,
ಏಕಾಂತಮ್ಮ


ಮಾರಿಕಣಿವೆ
2 ಡಿಸೆಂಬರ್ 2024

ಏಕಾಂತಕ್ಕನಿಗೆ ಹಾಜಿರಾಳ ಸಲಾಂ.

ಕಾಗದ ಬಂತು. ನಾನು ಆರಾಮ ಇದ್ದೇನೆ. ಪಲ್ಲವಿಯ ಮಗು ನಡೆಯುತ್ತಿದೆಯಾ?

ಫೋಟೋ ಕಳಿಸಲು ಆಗುವುದಿಲ್ಲ. ನಾನು ಬರುವುದೂ ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಬಾಗಿಲಿನ ಬೀಗ ಹಾಗೇ ಇದೆಯಾ, ಒಮ್ಮೆ ನೋಡಿ.

ಹಾಜಿರಾ


ಹೊಸದುರ್ಗ
9 ಡಿಸೆಂಬರ್ 2024

ಪ್ರೀತಿಯ ಹಾಜಿರಾ,

ಬೀಗ ಹಾಗೇ ಇದೆ. ಬೀದಿಯ ಬೆಕ್ಕು ನಿನ್ನ ಹೊಸ್ತಿಲ ಮೇಲೆ ಮರಿ ಹಾಕಿದೆ.

ನಿನ್ನ ಕಾಗದ ನೋಡಿ ತಲೆ ಚಚ್ಚಿಕೊಂಡೆ. ಹಾರದ ಮಾತು ಆಡಿದ್ದು ನನ್ನ ಪೆದ್ದುತನ. ನಮ್ಮ ಮನೆಯಲ್ಲಿ ಹೋದವರನ್ನೆಲ್ಲ ಗೋಡೆಗೆ ಹಾಕಿ ಹಾರ, ಕುಂಕುಮ, ಊದುಬತ್ತಿ ಮಾಡುತ್ತೇವಲ್ಲ, ಅದೇ ಕೈ ಇಲ್ಲೂ ಓಡಿತು. ನಿಮ್ಮಲ್ಲಿ ಅದು ಸಲ್ಲದು ಎಂದು ಇಷ್ಟು ವರ್ಷ ಪಕ್ಕದಲ್ಲಿದ್ದೂ ನೆನಪಾಗಲಿಲ್ಲ. ಇಮಾಮ್ ಸಾಬರನ್ನು ಹೋಗಿ ಕೇಳಿದೆ. ಪಾಪ, ಅವರು ಬಹಳ ಹೊತ್ತು ಗಡ್ಡ ನೀವಿಕೊಂಡು, "ಹಾರ ಬೇಡ್ರಮ್ಮ, ಸುಮ್ನೆ ಫೋಟೋ ಇದ್ರೆ ಯಾರೂ ಏನೂ ಅನ್ನಲ್ಲ" ಎಂದರು. ಹಾಗಾಗಿ ಹಾರ ಇಲ್ಲ, ಊದುಬತ್ತಿ ಇಲ್ಲ. ಬರೀ ಫೋಟೋ. ಈಗಲಾದರೂ ಕಳಿಸು. ಮಂಟಪದ ಕೆಲಸ ನಡೆಯುತ್ತಿದೆ, ಅದರ ಚಿಂತೆ ನಿನಗೆ ಬೇಡ.

ಇನ್ನೊಂದು ಸಂಗತಿ ಹೇಳಬೇಕು. ಹೋದ ಸಲದ ಕೂಟ ಮುಗಿದು ಲೋಟ ತೊಳೆಯುತ್ತಿದ್ದಾಗ ಒಬ್ಬ ಮುದುಕಿ ಬಂದು ಮೂಲೆಯಲ್ಲಿ ಕೂತಳು. ಯಾವ ಊರಮ್ಮ ಎಂದೆ.

"ಮೂಗಬಸವನಹಟ್ಟಿ ಕಣವ್ವ."

ನನಗೆ ಮೈ ಉರಿದು ಹೋಯಿತು. "ಆ ಊರೋರಿಗೆ ಇಲ್ಲೇನ್ ಕೆಲಸ ಐತೆ? ಎದ್ದೋಗ್ರಿ" ಎಂದೆ.

"ಒಂದ್ ಮಾತು ಹೇಳಿ ಹೋಗ್ತೀನಿ."

"ನಿಮ್ಮ ಮಾತು ಕೇಳಾಕೆ ದಾದಾಪೀರ್ ಇಲ್ಲ."

ಮುದುಕಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಎದ್ದು ಹೋದಳು. ನಿನ್ನ ಪರವಾಗಿ ಇಷ್ಟಾದರೂ ಮಾಡಿದೆನಲ್ಲ ಎಂದು ಅವತ್ತು ಚೆನ್ನಾಗಿ ನಿದ್ದೆ ಬಂತು.

ಏಕಾಂತಮ್ಮ


ಮಾರಿಕಣಿವೆ
20 ಡಿಸೆಂಬರ್ 2024

ಏಕಾಂತಕ್ಕ,

ನೀವು ದೊಡ್ಡವರು, ಆದರೂ ಈ ಸಲ ನಾನು ಹೇಳುವುದನ್ನು ಪೂರ್ತಿ ಕೇಳಿ.

ಹಾರದ ಮಾತಲ್ಲ, ಮತದ ಮಾತೂ ಅಲ್ಲ. ಇಮಾಮ್ ಸಾಬರನ್ನು ಸುಮ್ಮನೆ ಕಷ್ಟಕ್ಕೆ ಸಿಕ್ಕಿಸಬೇಡಿ. ನಮ್ಮ ಯಜಮಾನರು ಹೋದ ಸುದ್ದಿ ನನಗೆ ಪೊಲೀಸರು ಹೇಳಲಿಲ್ಲ. ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿಗೆ ವಿಡಿಯೋ ಬಂತು, ಮಕ್ಕಳ ಕಳ್ಳ ಸಿಕ್ಕಿಬಿದ್ದ ನೋಡಿ ಎಂದು. ನಾನು ರೊಟ್ಟಿ ತಟ್ಟುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಒತ್ತಿದೆ. ಕಳಿಸಿದವರಿಗೂ ಅದು ಅವರೇ ಎಂದು ಗೊತ್ತಿರಲಿಲ್ಲ, ಮುಖ ಹಾಗಾಗಿತ್ತು. ನನಗೆ ಅಂಗಿಯಿಂದ ಗೊತ್ತಾಯಿತು. ಒಂದು ಗುಂಡಿ ಬೇರೆ ಬಣ್ಣದ್ದು, ನಾನೇ ಹೊಲಿದದ್ದು.

ಆ ಮುಖವನ್ನು ತಾಲ್ಲೂಕಿನ ಜನವೆಲ್ಲ ನೋಡಿದ್ದಾರೆ. ನೀವು ಎಷ್ಟೇ ಒಳ್ಳೆಯ ಫೋಟೋ ಇಟ್ಟರೂ ಜನ ಅದರೊಳಗೆ ಆ ವಿಡಿಯೋವನ್ನೇ ನೋಡುತ್ತಾರೆ. ಇನ್ನು ಯಾರೂ ಅವರನ್ನು ನೋಡುವುದು ಬೇಡ. ಅದಕ್ಕೇ ಫೋಟೋ ಇಲ್ಲ, ಅದಕ್ಕೇ ಫೋನೂ ಇಲ್ಲ.

ಇನ್ನೊಂದು ಮಾತು ಹೇಳಬಾರದು ಎಂದಿದ್ದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಬುತ್ತಿ ತರುತ್ತಾರೆ. ನಿಮ್ಮಲ್ಲೂ ಹಾಗೆ, ನಮ್ಮಲ್ಲೂ ಹಾಗೆ. ನಿಮ್ಮ ಯಜಮಾನರು ಹೋದಾಗ ನಾನು ಚಪಾತಿ ಪಲ್ಯ ತಂದು, ಬೇಡ ಎಂದ ನಿಮ್ಮನ್ನು ಗದರಿಸಿ ತಿನ್ನಿಸಿದ್ದೆ. ನನ್ನ ಮನೆಗೆ ಮಸೀದಿ ಕಡೆಯ ನಮ್ಮವರು ತಂದರು. ನಮ್ಮ ಬೀದಿಯಿಂದ ಒಂದು ಡಬ್ಬಿಯೂ ಬರಲಿಲ್ಲ. ಬಾಗಿಲಲ್ಲಿ ಪೊಲೀಸ್ ವ್ಯಾನ್ ನಿಂತಿತ್ತು, ಹೆದರಿದ್ದರು, ಗೊತ್ತು. ಆದರೂ ನಾನು ಬಾಗಿಲು ನೋಡುತ್ತಲೇ ಇದ್ದೆ ಅಕ್ಕ. ಯಾವ ಮನೆಯ ಕುಕ್ಕರಿಗೆ ಅವರು ಹಿಡಿ ಹಾಕಿರಲಿಲ್ಲ ಹೇಳಿ?

ಮೂರನೆಯ ದಿನ ಒಬ್ಬ ಮುದುಕಿ ಬುಟ್ಟಿ ಹೊತ್ತುಕೊಂಡು ಆ ವ್ಯಾನಿನ ಪಕ್ಕದಲ್ಲೇ ಬಂದಳು. ಬುಟ್ಟಿಯಲ್ಲಿ ಕುಕ್ಕರ್, ಅದಕ್ಕೆ ಅವರು ಕೆತ್ತಿದ ಹುಣಸೆ ಮರದ ಹಿಡಿ. "ನಮ್ಮೂರಾಗೆ ಆಗಿದ್ದಕ್ಕೆ ನಾನೇನ್ ಹೇಳ್ಲಿ ತಾಯಿ. ಉಣ್ಣು" ಎಂದಳು. ಅವತ್ತು ಹೊಲದಿಂದ ಓಡಿ ಬಂದು, ಇವನು ನಮ್ಮ ಕುಕ್ಕರಿನವನು ಬಿಡಿ ಎಂದು ಕಿರುಚಿದವಳು, ಕೊನೆಗೆ ಅವರ ಬಾಯಿಗೆ ನೀರು ಬಿಟ್ಟವಳು ಅವಳೇ. ಕಂಡದ್ದನ್ನು ಪೊಲೀಸರ ಮುಂದೆ ಹೇಳಿದಳು. ಅದಕ್ಕೆ ಈಗ ಊರಿನಲ್ಲಿ ಯಾರೂ ಅವಳನ್ನು ಮಾತಾಡಿಸುವುದಿಲ್ಲ.

ಅವಳ ಹೆಸರು ಗಂಗಕ್ಕ. ನಿಮ್ಮ ಕೂಟ ಹೇಗಿದೆ ನೋಡಿ ಬಾ ಎಂದು ಕಳಿಸಿದ್ದು ನಾನು. ನೀವು ಎಬ್ಬಿಸಿ ಕಳಿಸಿದ್ದು ಅವಳನ್ನು.

ಹಾಜಿರಾ


ಹೊಸದುರ್ಗ
28 ಡಿಸೆಂಬರ್ 2024

ಹಾಜಿರಾ,

ಕಾಗದ ಓದಿದ ದಿನ ನನಗೆ ಏನೂ ಸೇರಲಿಲ್ಲ. ಮರುದಿನ ಎದ್ದು ಮೂಗಬಸವನಹಟ್ಟಿಗೆ ಹೋದೆ. ಗಂಗಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ, "ಬೈಯಾಕೆ ಊರಿಗೇ ಬಂದ್ರೇನವ್ವ?" ಎಂದಳು.

"ಇಲ್ಲ, ಬೈಸ್ಕಳಾಕೆ ಬಂದೀನಿ."

"ಮೊದ್ಲು ಕುಂತ್ಕಳ್ರಿ. ನೀರು ಕುಡೀರಿ."

ಚೊಂಬು ಕೈಗಿಟ್ಟು ನಾನು ಕುಡಿಯುವವರೆಗೂ ನಿಂತಿದ್ದಳು. ಆಮೇಲೆ ಅವಳು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಅವತ್ತು ನಾನು ಮನೇಲಿದ್ದಿದ್ರೆ ಅವ್ನಿಗೂ ಹಿಂಗೇ ನೀರು ಕೊಟ್ಟು ಕೂರಿಸ್ತಿದ್ದೆ. ನಮ್ಮ ಜಗಲಿ ಮೇಲೆ ಕುಂತು ನೀರು ಕುಡಿದೋನ ಮೈ ಯಾರ್ ಮುಟ್ತಿದ್ರವ್ವ? ನೀರು ಕೊಡೋರು ಯಾರೂ ಇರ್ಲಿಲ್ಲ, ಅಷ್ಟೇ." ನಾವು ಕೂಟದಲ್ಲಿ ಇಷ್ಟು ದಿನ ಭಾಷಣ ಮಾಡಿದ್ದು ದಂಡ ಅನ್ನಿಸಿತು. ತಡೆಯುವುದು ಹೇಗೆ ಎಂದು ಗೊತ್ತಿದ್ದವಳನ್ನೇ ನಾನು ಹೊರಗೆ ಕಳಿಸಿದ್ದೆ.

ವಾಪಸು ಬಂದು ನಮ್ಮ ಬೀದಿಯಲ್ಲಿ ಮನೆಮನೆ ಹತ್ತಿದೆ. ಹಾಜಿರಾಳ ಮನೆಗೆ ಬುತ್ತಿ ಕೊಟ್ಟವರು ಯಾರು ಎಂದು ಕೇಳಿದೆ. ಎಲ್ಲರೂ ಇನ್ನೊಬ್ಬರ ಮನೆಯ ಕಡೆ ನೋಡುತ್ತಾರೆ. ಎದುರು ಮನೆಯ ನಿಂಗಕ್ಕ, "ಪೊಲೀಸ್ರಿದ್ರಲ್ಲಕ್ಕ. ನೀನಿದ್ದಿದ್ರೆ ನಿನ್ ಹಿಂದೆ ನಾನೂ ತರ್ತಿದ್ದೆ" ಎಂದಳು. "ನನ್ ಹಿಂದೆ ಬರಾಕೆ ನೀನೇನು ಅಂಗನವಾಡಿ ಮಗುವೇನೇ?" ಎಂದು ಗದರಿದೆ. ಬೀದಿಗೆಲ್ಲ ಕೇಳುವ ಹಾಗೆ ಗದರಿದೆ. ನಿಂಗಕ್ಕ ಅತ್ತಳು. ಅಳಲಿ ಬಿಡು.

ನಿನ್ನಿಂದ ನಾನೂ ಒಂದು ಮುಚ್ಚಿಟ್ಟಿದ್ದೆ. ಮಂಟಪದವರು ತಿಂಗಳ ಹಿಂದೆಯೇ ಇಲ್ಲ ಎಂದಿದ್ದಾರೆ. ಗಲಾಟೆ ಆದರೆ ಯಾರು ಹೊಣೆ ಎನ್ನುತ್ತಾರೆ. ಉಗ್ರಪ್ಪನವರೂ ಮುಂದೆ ಹಾಕೋಣ ಎನ್ನುತ್ತಿದ್ದಾರೆ. ನಿನಗೆ ತಿಳಿದರೆ ಇನ್ನೂ ದೂರ ಸರಿಯುತ್ತೀಯ ಎಂದು ಹೇಳಲಿಲ್ಲ. ಜಾಗ ಇಲ್ಲ, ಫೋಟೋ ಇಲ್ಲ, ನೀನೂ ಇಲ್ಲ. ಆದರೂ ನಾನು ಮುಂದೆ ಹಾಕುವುದಿಲ್ಲ. ಏನು ಮಾಡಲಿ, ನೀನೇ ಹೇಳು.

ಏಕಾಂತಮ್ಮ


ಮಾರಿಕಣಿವೆ
10 ಜನವರಿ 2025

ಏಕಾಂತಕ್ಕ,

ಗಂಗಕ್ಕ ಬಂದು ಎಲ್ಲ ಹೇಳಿದಳು. ನೀವು ಅವರೆಕಾಯಿಯನ್ನೂ ಸುಲಿದುಕೊಟ್ಟು ಬಂದಿರಂತೆ. ಹುಳುಕು ಕಾಳನ್ನು ಅರ್ಧ ಹಾಗೇ ಉಳಿಸಿದ್ದೀರಿ ಎಂದು ನಗುತ್ತಿದ್ದಳು. ಬಹಳ ದಿನದ ಮೇಲೆ ನಾನೂ ನಕ್ಕೆ.

ಮಂಟಪ ಬೇಡ. ನನ್ನ ಮನೆಯ ಬಾಗಿಲಲ್ಲೇ ಮಾಡಿ. ಬುತ್ತಿ ಬರದ ಬಾಗಿಲು ಅದು, ಬುತ್ತಿ ಅಲ್ಲಿಗೇ ಬರಲಿ. ಅವರು ಹಿಡಿ ಹಾಕಿದ ಕುಕ್ಕರ್ ಯಾರ ಮನೆಯಲ್ಲಿದೆಯೋ ಅವರು ಅದರಲ್ಲೇ ಅಡುಗೆ ಮಾಡಿ ತಂದು ಹೊಸ್ತಿಲ ಮೇಲೆ ಇಡಲಿ. ಫೋಟೋ ಇರುವ ಜಾಗದಲ್ಲಿ ಅವು ಇರಲಿ. ಆ ಹಿಡಿಗಳಿಗೆ ನೀವೆಲ್ಲ ಎಷ್ಟು ಗೇಲಿ ಮಾಡುತ್ತಿದ್ದಿರಿ! ಅಂಗಡಿಯ ಕರಿ ಹಿಡಿ ಮುರಿದು ಹೋಗುತ್ತದೆ, ನನ್ನದು ನಿಮ್ಮ ಸೊಸೆಯಂದಿರ ಕಾಲಕ್ಕೂ ಇರುತ್ತದೆ ಎಂದು ಅವರು ಜಂಬ ಪಡುತ್ತಿದ್ದರು.

ಮೌನ ಆಚರಿಸುವುದು ಬೇಡ. ಅವತ್ತು ಎಲ್ಲರೂ ಮೌನವಾಗಿಯೇ ಇದ್ದರು. ಬದಲಿಗೆ ಗಂಗಕ್ಕನ ಮಾತನ್ನು ಬಂದವರೆಲ್ಲ ಬಾಯಿಬಿಟ್ಟು ಹೇಳಲಿ. ಗುರುತಿಲ್ಲದವರು ಬಂದರೆ ಮೊದಲು ಕೂರಿಸುತ್ತೇವೆ, ನೀರು ಕೊಡುತ್ತೇವೆ, ಆಮೇಲೆ ಮಾತು. ನೀರು ಕುಡಿದವರು ನಮ್ಮ ಮನೆಯವರು.

ಬೀಗದ ಕೈ ಗಂಗಕ್ಕನ ಹತ್ತಿರ ಇದೆ. ನಾನು ಬರುತ್ತೇನೋ ಇಲ್ಲವೋ ಈಗ ಹೇಳಲಾರೆ. ನಿಮ್ಮದೊಂದೇ ಕುಕ್ಕರ್ ಬಂದರೆ ಬಾಗಿಲು ತೆಗೆಯುವುದು ಬೇಡ. ಅದು ನಿಮ್ಮ ಪ್ರೀತಿ ಆಗುತ್ತದೆಯೇ ಹೊರತು ಬೀದಿಯ ಬುತ್ತಿ ಆಗುವುದಿಲ್ಲ.

ಹಾಜಿರಾ


ಹೊಸದುರ್ಗ
29 ಜನವರಿ 2025

ಹಾಜಿರಾ,

ಒಪ್ಪಿದೆ. ಬಾಗಿಲಲ್ಲೇ. ಉಗ್ರಪ್ಪನವರಿಗೆ, "ನೀವು ಬರ್ದಿದ್ರೆ ನಿಮ್ಮ ಜಾಗದಾಗೆ ನಿಮ್ಮ ಹಳೇ ಕಂಡಕ್ಟರ್ ಸೀಟಿ ಇಟ್ಟು ಸಭೆ ಮಾಡ್ತೀನಿ" ಎಂದೆ. ಬರುತ್ತಾರಂತೆ. ಸಿಸ್ಟರ್ ತಮ್ಮ ಅಡುಗೆಮನೆಯಲ್ಲೂ ಅಂಥ ಹಿಡಿ ಒಂದಿದೆ ಎಂದು ಹುಡುಕಿ ತೋರಿಸಿದರು. ಇಮಾಮ್ ಸಾಬರು ದುವಾ ಚಿಕ್ಕದಾಗಿ ಮಾಡುತ್ತೇನೆ ಎಂದಿದ್ದಾರೆ, ಅನ್ನ ಆರಬಾರದಲ್ಲ. ಸ್ಟೇಷನ್ನಿಗೆ ಹೋಗಿ ತಿಳಿಸಿಯೂ ಬಂದೆ.

ಎಲ್ಲ ಸಲೀಸಾಗಿಲ್ಲ. ಹಳೆಯದನ್ನು ಯಾಕೆ ಕೆದಕುತ್ತೀಯ ಎಂದು ಕೇಳುವವರು ಇದ್ದಾರೆ. ನನ್ನ ಗೇಟಿಗೆ ಯಾರೋ ಸಗಣಿ ಬಳಿದು ಹೋಗಿದ್ದರು, ತೊಳೆದೆ. ಬೀದಿಯಲ್ಲಿ ಬರುತ್ತೇನೆ ಎಂದವರು ಇದ್ದಾರೆ, ನೋಡೋಣ ಎಂದವರೂ ಇದ್ದಾರೆ. ನಿಂಗಕ್ಕ ಏನೂ ಹೇಳಿಲ್ಲ, ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ನಾನು ಇನ್ನು ಯಾರನ್ನೂ ಗದರುವುದಿಲ್ಲ. ಗದರಿಸಿ ತರಿಸಿದ ಬುತ್ತಿ ನಿನಗೆ ಬೇಡ ಎಂದು ನನಗೆ ಅರ್ಥವಾಗಿದೆ.

ಎಷ್ಟು ಕುಕ್ಕರ್ ಬರುತ್ತವೋ ಕಾಣೆ. ಬೆಕ್ಕಿನ ಮರಿಗಳನ್ನು ನಮ್ಮ ಮನೆಗೆ ಸಾಗಿಸಿ ಹೊಸ್ತಿಲು ಸಾರಿಸಿದ್ದೇನೆ.

ಏಕಾಂತಮ್ಮ


ಮಾರಿಕಣಿವೆ
14 ಫೆಬ್ರವರಿ 2025

ಏಕಾಂತಕ್ಕ,

ಅವತ್ತು ನೀವು ಹೊರಗಿದ್ದಿರಿ. ಒಳಗೆ ಏನಾಯಿತು ಎಂದು ಕೇಳಿದಿರಿ, ನನಗೆ ಹೇಳಲು ಆಗಲಿಲ್ಲ. ಈಗ ಬರೆಯುತ್ತೇನೆ.

ಬೆಳಗಿನ ಮೊದಲ ಬಸ್ಸಿಗೆ ಬಂದು ಗಂಗಕ್ಕನ ಜೊತೆ ಹಿತ್ತಲಿಂದ ಒಳಗೆ ಸೇರಿದ್ದೆ. ನಿಮಗೂ ಹೇಳಬೇಡ ಎಂದಿದ್ದೆ. ಧೂಳು ಹಿಡಿದ ಅಡುಗೆಮನೆಯಲ್ಲಿ ಕೂತು ಹೊರಗೆ ಕಿವಿಗೊಟ್ಟೆ. ನಿಮ್ಮ ಕೆಮ್ಮು ಕೇಳಿಸಿತು, ಆಮೇಲೆ ಕಲ್ಲಿನ ಮೇಲೆ ಕುಕ್ಕರ್ ಇಟ್ಟ ಸದ್ದು. ಇದು ಅಕ್ಕನದು ಎಂದುಕೊಂಡೆ. ಬಹಳ ಹೊತ್ತು ಇನ್ನೇನೂ ಇಲ್ಲ. ಎದ್ದು ಹಿತ್ತಲಿಂದಲೇ ಹೋಗಿಬಿಡೋಣ ಎಂದು ಚಪ್ಪಲಿ ಮೆಟ್ಟಿದೆ. ಗಂಗಕ್ಕ ಸೆರಗು ಹಿಡಿದು, "ತಡಿಯವ್ವ, ಅನ್ನ ಬೇಯಬೇಕಲ್ಲ" ಎಂದಳು.

ಆಗ ಇನ್ನೊಂದು ಸದ್ದು. "ಏಕಾಂತಕ್ಕ, ಸ್ವಲ್ಪ ಸರ್ಕೊ" ಎಂದ ನಿಂಗಕ್ಕನ ದನಿ. ಆಮೇಲೆ ಇನ್ನೊಂದು, ಮತ್ತೊಂದು. ಲೆಕ್ಕ ಬಿಟ್ಟು ಹೋಯಿತು. ಕಿಟಕಿಯ ಸಂದಿಯಿಂದ ನೋಡಿದೆ. ಹೊಸ್ತಿಲು ಸಾಲದೆ ಮೆಟ್ಟಿಲ ಮೇಲೂ ಇಟ್ಟಿದ್ದರು. ಎಲ್ಲಕ್ಕೂ ಅವರ ಹಿಡಿ. ಅವರು ಹೋದ ಮೇಲೆ ನಾನು ಹಾಗೆ ಅತ್ತಿರಲಿಲ್ಲ.

ಕಡೆಗೆ ಗಂಗಕ್ಕನನ್ನು ಮಾತಾಡಿಸದಿದ್ದ ಅವಳ ಊರಿನ ಹೆಂಗಸರೂ ಟೆಂಪೋದಲ್ಲಿ ಬಂದರು, ಅವಳೇ ಮನೆಮನೆಗೆ ಹೋಗಿ ಕೇಳಿಕೊಂಡಿದ್ದಳಂತೆ. ಅವರಲ್ಲಿ ಒಬ್ಬಳು ಹತ್ತಿರ ಬರದೆ ಕುಕ್ಕರನ್ನು ರಸ್ತೆಯ ಆಚೆಗೇ ನೆಲದ ಮೇಲೆ ಇಟ್ಟು ನಿಂತಳು. ಯಾರದು ಎಂದೆ. ಸುಮಿತ್ರಾ, ಕೇಸಿನಲ್ಲಿ ಒಳಗಿರುವ ಹುಡುಗನ ತಾಯಿ ಎಂದಳು ಗಂಗಕ್ಕ. ಗಂಗಕ್ಕನನ್ನು ಹಿತ್ತಲಿಂದ ಕಳಿಸಿ ಹೊರಗಿನ ಬೀಗ ತೆಗೆಸಿದೆ. ಬಾಗಿಲು ತೆಗೆದದ್ದು ಆಗಲೇ. ನೀವೆಲ್ಲ ನಾನು ನಿಮಗಾಗಿ ತೆಗೆದೆ ಎಂದುಕೊಂಡಿರಿ. ಅವಳನ್ನು ಓಡಿಸಲು ತೆಗೆದೆ ಅಕ್ಕ.

ಆದರೆ ಅವಳು ತಲೆ ಎತ್ತಲಿಲ್ಲ. ಕುಕ್ಕರಿನ ಹಿಡಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. ನನ್ನ ಬಾಯಿಂದ "ಅಲ್ಲಿ ಯಾಕೆ ಇಟ್ಟೆ, ತಗೊಂಡು ಬಾ" ಎಂದು ಬಂತು.

ಹಾಜಿರಾ ಮಾಫಿ ಕೊಟ್ಟಳು ಎಂದು ಯಾರಾದರೂ ಹೇಳಿದರೆ ಇಲ್ಲ ಎನ್ನಿ. ಕೇಸು ನಡೆಯುತ್ತದೆ, ಗಂಗಕ್ಕ ಸಾಕ್ಷಿ ಹೇಳುತ್ತಾಳೆ, ನಾನು ಪ್ರತಿ ಸಲ ಹೋಗಿ ಕೂರುತ್ತೇನೆ. ಕೇಸು ಕೇಸೇ, ಬುತ್ತಿ ಬುತ್ತಿಯೇ. ಆದರೆ ನೀರಿನ ಮಾತು ಹೇಳುವಾಗ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿದ್ದು ಅವಳ ದನಿ. ನೀವೂ ಗಮನಿಸಿರಬೇಕು.

ನಿಂಗಕ್ಕನ ಹುಳಿಗೆ ಉಪ್ಪು ಹೆಚ್ಚಾಗಿತ್ತು. ಹೇಳಬೇಡಿ.

ಹಾಜಿರಾ


ಹೊಸದುರ್ಗ
12 ಮಾರ್ಚ್ 2025

ಹಾಜಿರಾ,

ರೋಜಾ ಉಪವಾಸ ನಡೆಯುತ್ತಿರಬೇಕು, ಬಿಸಿಲು ಬೇರೆ. ಮೈ ನೋಡಿಕೋ. ಉಪ್ಪಿನ ವಿಷಯ ನಾನು ಹೇಳಿಯೇಬಿಟ್ಟೆ. ನಿಂಗಕ್ಕ ಮತ್ತೆ ಮಾತು ಬಿಟ್ಟಿದ್ದಾಳೆ.

ಮೊನ್ನೆ ಗಂಗಕ್ಕನ ಊರಿಗೆ ಕೂದಲು ಕೊಳ್ಳುವವನೊಬ್ಬ ಬಂದಿದ್ದಾನೆ. ಆಂಧ್ರದ ಕಡೆಯವನು, ಕನ್ನಡ ಸರಿಯಾಗಿ ಬಾರದು. ಹೆಂಗಸರ ಉದುರಿದ ಕೂದಲು ತೆಗೆದುಕೊಂಡು ಮಕ್ಕಳಿಗೆ ಬಲೂನು ಕೊಡುತ್ತಾನಲ್ಲ, ಅಂಥವನು. ಅಷ್ಟೇ ಸಾಕಾಯಿತು. ಮತ್ತೆ ಫೋನು ಕಿಣಿಕಿಣಿ, ಮತ್ತೆ ಅದೇ ಮಾತು. ಗಂಡಸರು ಸುತ್ತುಗಟ್ಟಿದರು, ಒಬ್ಬ ಅವನ ಚೀಲ ಕಿತ್ತುಕೊಂಡ, ಇನ್ನೊಬ್ಬ ಕಾಲರ್ ಹಿಡಿದ.

ಗಂಗಕ್ಕನಿಗೆ ಸುದ್ದಿ ಮುಟ್ಟುವ ಮೊದಲೇ ಒಬ್ಬಳು ಚೊಂಬು ಹಿಡಿದು ಗುಂಪಿನೊಳಗೆ ನುಗ್ಗಿದ್ದಾಳೆ. ಯಾರು ಗೊತ್ತೇ? ಸುಮಿತ್ರಾ. ಕಾಲರ್ ಹಿಡಿದವನ ಕೈಗೆ ಹೊಡೆದು, "ಬಿಡಲೇ, ಒಬ್ಬನ್ನ ಜೈಲಿಗೆ ಕಳ್ಸಿದ್ದು ಸಾಲ್ದೇನು? ಕುಂತ್ಕಳಪ್ಪ ನೀನು, ನೀರು ಕುಡಿ" ಎಂದಳಂತೆ. ಅವನು ಕುಡಿಯುವವರೆಗೂ ಪಕ್ಕದಲ್ಲೇ ನಿಂತಳಂತೆ. ಅಷ್ಟರಲ್ಲಿ ಉಳಿದ ಹೆಂಗಸರೂ ಒಂದೊಂದು ಚೊಂಬು ತಂದರು. ಪಾಪ, ಕೊಟ್ಟ ನೀರನ್ನೆಲ್ಲ ಅವನು ಹೆದರಿಕೆಗೆ ಕುಡಿದನಂತೆ. ನೀರು ಕುಡಿದವನನ್ನು ಹೊಡೆಯಲು ಯಾರಿಗೂ ಕೈ ಬರಲಿಲ್ಲ. ಸಂಜೆ ಬಸ್ಸಿಗೆ ಹತ್ತಿಸಿ ಕಳಿಸಿದರು.

ಇದು ಯಾವ ಟೀವಿಯಲ್ಲೂ ಬರಲಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಏಕಾಂತಮ್ಮ


ಮಾರಿಕಣಿವೆ
20 ಮಾರ್ಚ್ 2025

ಏಕಾಂತಕ್ಕ,

ನಿಮ್ಮ ಕಾಗದವನ್ನು ಅಣ್ಣನಿಗೆ ಓದಿ ಹೇಳಿದೆ. ಅವನು ಮೀನು ತೂಗುವುದನ್ನು ನಿಲ್ಲಿಸಿ ಕೇಳಿದ.

ನಿನ್ನೆ ಹಿರಿಯೂರಿಗೆ ಹೋಗಿ ಫೋನ್ ತಂದೆವು. ಗುಂಡಿ ಒತ್ತುವ ಹಳೆಯ ಬಗೆಯದು, ವಿಡಿಯೋ ಬರುವುದಿಲ್ಲ, ಮಾತು ಮಾತ್ರ ಬರುತ್ತದೆ. ನಂಬರನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ಇನ್ನು ನಿಮ್ಮ ಬೆರಳು ನೋಯಿಸಿಕೊಳ್ಳುವುದು ಬೇಡ. ಹಬ್ಬ ಮುಗಿಸಿ ನಮ್ಮ ಮನೆಗೆ ವಾಪಸು ಬರುತ್ತಿದ್ದೇನೆ, ಬೆಕ್ಕಿನ ಮರಿ ಒಂದನ್ನು ನನಗೆ ಉಳಿಸಿ.

ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಆ ನಂಬರನ್ನು ಗಂಗಕ್ಕನ ಊರಿನ ಕಟ್ಟೆಯ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆಸಿ. ಆಮೇಲೆ ಪಕ್ಕದ ಊರು, ಅದರ ಪಕ್ಕದ ಊರು. ಎಲ್ಲಿಯಾದರೂ ಯಾರನ್ನಾದರೂ ಹಿಡಿದು ನಿಲ್ಲಿಸಿದರೆ, ನೀರು ಕೊಟ್ಟು, ಈ ನಂಬರಿಗೆ ಮಾಡಿ ಫೋನನ್ನು ಹೊಡೆಯಲು ಬಂದವನ ಕಿವಿಗೆ ಹಿಡಿಯಲಿ. ಗಂಡನ ಹೆಸರನ್ನು ನಾನು ಇಷ್ಟು ವರ್ಷ ಬಾಯಿಬಿಟ್ಟು ಹೇಳಿದವಳಲ್ಲ. ಇನ್ನು ಹೇಳುತ್ತೇನೆ. "ನಾನು ದಾದಾಪೀರ್ ಹೆಂಡತಿ ಮಾತಾಡೋದು" ಎನ್ನುತ್ತೇನೆ. ಅದನ್ನು ಕೇಳಿದ ಮೇಲೆ ಯಾರು ಕೈ ಎತ್ತುತ್ತಾರೋ ಎತ್ತಲಿ, ನೋಡೋಣ.

ಹಾಜಿರಾ